ಹುಲ್ಲು ಯಾರದ್ದು? ಮೊಂಟಾನಾದ ಗ್ರ್ಯಾನ್‌ವಿಲ್ ಸ್ಟುವರ್ಟ್

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಹೊರಟಿರುವುದು ಅಮೆರಿಕದ ಒಬ್ಬ ದನಸಾಕಣೆಗಾರನ ಕಥೆ. ಹೆಸರು ಗ್ರ್ಯಾನ್‌ವಿಲ್ ಸ್ಟುವರ್ಟ್. ಚಿನ್ನ ಹುಡುಕಿದ, ಅಂಗಡಿ ಇಟ್ಟ, ಸಾವಿರಾರು ದನ ಸಾಕಿದ, ಶಾಸಕನಾದ. 1883ರಲ್ಲಿ ಮೊಂಟಾನಾ ಶಾಸನಸಭೆಯ ಮೇಲ್ಮನೆಗೆ ಅಧ್ಯಕ್ಷನಾದ. ಅದರ ಮರುವರ್ಷವೇ, ಕೋರ್ಟು ಕಚೇರಿ ಯಾವುದೂ ಇಲ್ಲದೆ ಜನರನ್ನು ಹಿಡಿದು ನೇಣು ಹಾಕಿದ ಗುಂಪನ್ನು ಮುನ್ನಡೆಸಿದ. ಕಾನೂನು ಮಾಡುವ ಕೆಲಸ, ಕಾನೂನು ಮೀರುವ ಕೆಲಸ ಎರಡೂ ಒಬ್ಬನದೇ. ಅವನ ಕಾಲದ ಅವನ ನೆರೆಹೊರೆಯವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಯಾಕೆ ಕಾಣಲಿಲ್ಲ ಎಂಬುದೇ ನನ್ನ ಇವತ್ತಿನ ಮಾತು. ಉತ್ತರ ಅಲ್ಲಿನ ಹುಲ್ಲಿನಲ್ಲಿದೆ. ಮೈಲಿಗಟ್ಟಲೆ ಹುಲ್ಲು, ಅದು ಯಾರದ್ದು ಎಂಬುದೇ ಇತ್ಯರ್ಥವಾಗಿರಲಿಲ್ಲ.

ಮೊದಲು ಅವನು ಅಲ್ಲಿಗೆ ಬಂದದ್ದು ಹೇಗೆ ಅಂತ ನೋಡೋಣ. ಹುಟ್ಟಿದ್ದು 1834ರಲ್ಲಿ, ಆಗಿನ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ. ಬೆಳೆದದ್ದು ಅಯೋವಾದಲ್ಲಿ. 1852ರಲ್ಲಿ ಅಪ್ಪ ಮತ್ತು ಅಣ್ಣ ಜೇಮ್ಸ್ ಜೊತೆ ಚಿನ್ನ ಅರಸಿ ಕ್ಯಾಲಿಫೋರ್ನಿಯಾಕ್ಕೆ ಹೋದ. ಐದು ವರ್ಷ ಹೊಳೆಯ ಮರಳು ಜಾಲಿಸಿದರೂ ದೊಡ್ಡದೇನೂ ಸಿಗಲಿಲ್ಲ. 1857ರಲ್ಲಿ ಅಣ್ಣತಮ್ಮ ಊರಿಗೆ ಹೊರಟರು. ದಾರಿಯಲ್ಲಿ ಗ್ರ್ಯಾನ್‌ವಿಲ್‌ಗೆ ಜೋರು ಕಾಯಿಲೆ ಬಂತು, ವಾರಗಟ್ಟಲೆ ಮಲಗಬೇಕಾಯಿತು. ಅಷ್ಟರಲ್ಲಿ ಯೂಟಾದಲ್ಲಿ ಮಾರ್ಮನ್ ಎಂಬ ಧಾರ್ಮಿಕ ಪಂಥದವರಿಗೂ ಸರ್ಕಾರದ ಸೈನ್ಯಕ್ಕೂ ಜಟಾಪಟಿ ಶುರುವಾಗಿ ಮುಂದಿನ ದಾರಿ ಮುಚ್ಚಿತು. ಹಿಂದೆ ಹೋಗಲಾರರು, ಮುಂದೆ ಹೋಗಲಾರರು. ಉತ್ತರಕ್ಕೆ ತಿರುಗಿದರು. ಹಾಗೆ ತಲುಪಿದ್ದು ಇವತ್ತಿನ ಮೊಂಟಾನಾದ ಬೀವರ್‌ಹೆಡ್ ಕಣಿವೆಯನ್ನು.

1858ರ ಬೇಸಿಗೆ ಶುರುವಿನಲ್ಲಿ ಗೋಲ್ಡ್ ಕ್ರೀಕ್ ಎಂಬ ತೊರೆಯಲ್ಲಿ ಚಿನ್ನದ ಸುಳಿವು ಸಿಕ್ಕಿತು. ಕೈಯಲ್ಲಿ ಉಪಕರಣ ಇಲ್ಲ, ಊಟಕ್ಕೂ ಕಷ್ಟ. ಆ ತೊರೆಯಿಂದ ಸ್ಟುವರ್ಟ್ ಶ್ರೀಮಂತನಾಗಲಿಲ್ಲ. ಆದರೆ ಸುದ್ದಿ ಹರಡಿತು. 1862ರಲ್ಲಿ ಬ್ಯಾನಕ್, 1863ರಲ್ಲಿ ಆಲ್ಡರ್ ಗಲ್ಚ್, ಹೀಗೆ ಒಂದರ ಹಿಂದೆ ಒಂದು ಚಿನ್ನದ ಊರುಗಳು ಎದ್ದವು.

ಈ ವರ್ಷಗಳ ಒಂದು ಪ್ರಸಂಗ ನನಗೆ ತುಂಬ ಇಷ್ಟ. ಬಿಟರ್‌ರೂಟ್ ಕಣಿವೆಯಲ್ಲಿ ಯಾರದೋ ಹತ್ತಿರ ಒಂದು ಪೆಟ್ಟಿಗೆ ಪುಸ್ತಕ ಇದೆ ಅಂತ ಅಣ್ಣತಮ್ಮನಿಗೆ ಗೊತ್ತಾಯಿತು. ಸುಮಾರು 150 ಮೈಲಿ ದೂರ. ಕುದುರೆ ಹತ್ತಿ ಹೊರಟೇಬಿಟ್ಟರು. ಒಂದೊಂದು ಪುಸ್ತಕಕ್ಕೆ ಐದು ಡಾಲರ್ ಕೊಟ್ಟು ತಂದರು. ಶೇಕ್ಸ್‌ಪಿಯರ್, ಬೈರನ್, ನೆಪೋಲಿಯನ್ ಬಗ್ಗೆ ಒಂದು ಪುಸ್ತಕ, ಫ್ರೆಂಚ್ ಬೈಬಲ್, ಜೊತೆಗೆ ಆಡಂ ಸ್ಮಿತ್‌ನ ಅರ್ಥಶಾಸ್ತ್ರ. ಕೈಯಲ್ಲಿದ್ದ ದುಡ್ಡಿನಲ್ಲಿ ಅರ್ಧ ಅದಕ್ಕೇ ಹೋಯಿತು. ಓದುವ ಈ ಹಸಿವು ಅವನಿಗೆ ಸಾಯುವ ತನಕ ಇತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಬರುವ ರಕ್ತಪಾತವನ್ನು ಓದುಬರಹ ಬಾರದ ಒರಟನ ಕೆಲಸ ಅಂತ ಯಾರೂ ತಳ್ಳಿಹಾಕಬಾರದು.

1862ರ ಮೇ ತಿಂಗಳಲ್ಲಿ ಅವನು ಆಬೊನಿ ಎಂಬ ಶೊಶೋನಿ ಹುಡುಗಿಯನ್ನು ಮದುವೆಯಾದ. ಶೊಶೋನಿ ಅಲ್ಲಿನ ಮೂಲನಿವಾಸಿಗಳ ಒಂದು ಬುಡಕಟ್ಟು. ಆಗ ಅಲ್ಲಿ ಬಿಳಿಯ ಹೆಂಗಸರು ತೀರಾ ಕಡಿಮೆ. ಇಂಥ ಮದುವೆಗಳು ಸಾಮಾನ್ಯ. ಎಷ್ಟೋ ಗಂಡಸರು ಸ್ವಲ್ಪ ಅನುಕೂಲ ಕಂಡ ಕೂಡಲೇ ಹೆಂಡತಿಯನ್ನು ಬಿಟ್ಟು ಹೋಗುತ್ತಿದ್ದರು. ಸ್ಟುವರ್ಟ್ ಬಿಡಲಿಲ್ಲ. ಆಬೊನಿ ಜೊತೆ ಇಪ್ಪತ್ತಾರು ವರ್ಷ ಬಾಳಿದ, ತುಂಬು ಸಂಸಾರ ಕಟ್ಟಿದ. 1865ರಲ್ಲಿ ನ್ಯೂಯಾರ್ಕ್‌ನಲ್ಲಿ ಅವನ ಒಂದು ಪುಸ್ತಕ ಅಚ್ಚಾಯಿತು. ಅದರಲ್ಲಿ ಹೆಂಡತಿಯ ನುಡಿಯ ಪದಪಟ್ಟಿ ಕೂಡ ಇದೆ. ಅದೇ ವರ್ಷ ಮೊಂಟಾನಾದ ಇತಿಹಾಸ ಸಂಘ ಕಟ್ಟಿದವರಲ್ಲಿ ಅವನೂ ಒಬ್ಬ. ಬಂದು ಎಂಟು ವರ್ಷವೂ ಆಗದ ಊರಿಗೆ ಇತಿಹಾಸ ಸಂಘ! ತಾವು ಏನೋ ದೊಡ್ಡದನ್ನು ಶುರುಮಾಡುತ್ತಿದ್ದೇವೆ ಎಂಬ ನಂಬಿಕೆ ಅವರಿಗೆ ಅಷ್ಟು ಗಟ್ಟಿಯಾಗಿತ್ತು.

ಈಗ ರಾಜಕೀಯಕ್ಕೆ ಬರೋಣ. ಮೊಂಟಾನಾ ಆಗ ರಾಜ್ಯವಲ್ಲ, ಟೆರಿಟರಿ. 1864ರ ಮೇ 26ರಂದು ಇಡಾಹೊದಿಂದ ಬೇರೆ ಮಾಡಿ ರಚಿಸಿದ್ದು. ಟೆರಿಟರಿಯ ಗವರ್ನರ್, ಕಾರ್ಯದರ್ಶಿ, ನ್ಯಾಯಾಧೀಶರು ಎಲ್ಲರನ್ನೂ ಅಮೆರಿಕದ ಅಧ್ಯಕ್ಷರೇ ನೇಮಿಸುತ್ತಿದ್ದರು. ಹೆಚ್ಚಿನವರು ಹೊರಗಿನವರು. ಜನ ಆರಿಸಿ ಕಳಿಸುತ್ತಿದ್ದುದು ಎರಡು ಸದನಗಳ ಶಾಸನಸಭೆ ಮತ್ತು ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ಒಬ್ಬ ಪ್ರತಿನಿಧಿ. ಆ ಪ್ರತಿನಿಧಿ ಅಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಅಂದರೆ ಸ್ಥಳೀಯರ ಕೈಗೆ ಸಿಕ್ಕ ಅಧಿಕಾರ ಬಹಳ ಕಮ್ಮಿ. ಸಿಕ್ಕಷ್ಟರಲ್ಲಿ ಅವರು ತಮ್ಮ ದಾರಿ ತಾವು ಮಾಡಿಕೊಂಡರು.

ಒಂದು ವಿಷಯ ಗಮನಿಸಿ. ಟೆರಿಟರಿ ಹುಟ್ಟುವ ನಾಲ್ಕು ತಿಂಗಳು ಮುಂಚೆ, 1864ರ ಜನವರಿಯಲ್ಲಿ, ಬ್ಯಾನಕ್ ಊರಿನ ಷರೀಫ್, ಅಂದರೆ ಕಾನೂನು ಕಾಯುವ ಅಧಿಕಾರಿ, ಹೆನ್ರಿ ಪ್ಲಮ್ಮರ್‌ನನ್ನು ಊರ ಜನರ ಒಂದು ಗುಂಪು ನೇಣು ಹಾಕಿತು. ದರೋಡೆಕೋರರ ಜೊತೆ ಶಾಮೀಲಾಗಿದ್ದಾನೆ ಎಂಬ ಆರೋಪ. ಆ ವರ್ಷ ಆ ಗುಂಪು ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಗುಂಪಿನ ಮುಂದಾಳುಗಳಲ್ಲಿ ಒಬ್ಬನಾದ ವಿಲ್ಬರ್ ಸ್ಯಾಂಡರ್ಸ್ ಮುಂದೆ ಸೆನೆಟರ್ ಆದ. ಅಲ್ಲಿ ನೇಣುಗಂಬ ಮೊದಲು ಬಂತು, ಸರ್ಕಾರ ಆಮೇಲೆ. ಕೊಂದವರಿಗೆ ಶಿಕ್ಷೆ ಆಗಲಿಲ್ಲ, ಮರ್ಯಾದೆ ಸಿಕ್ಕಿತು. ಅದೇ ವರ್ಷಗಳಲ್ಲಿ ಅದೇ ಊರುಗಳಲ್ಲಿ ಅಂಗಡಿ ನಡೆಸುತ್ತಿದ್ದ ಸ್ಟುವರ್ಟ್ ಇದನ್ನೆಲ್ಲ ಹತ್ತಿರದಿಂದ ನೋಡಿದವನು.

ಅವನು ಡೆಮಾಕ್ರಟಿಕ್ ಪಕ್ಷದವನು. 1870ರ ದಶಕದಲ್ಲಿ ಡೀರ್ ಲಾಜ್‌ನಲ್ಲಿದ್ದುಕೊಂಡು ಶಾಸನಸಭೆಗೆ ಹೋಗಿಬಂದ. ಆ ದಿನಗಳಲ್ಲಿ ಅವನ ರಾಜಕೀಯದಲ್ಲಿ ವಿಶೇಷ ಏನೂ ಇಲ್ಲ, ಹಾಗಾಗಿ ಅದನ್ನು ದಾಟಿ ಮುಂದೆ ಹೋಗುತ್ತೇನೆ. ಆ ದಶಕದಲ್ಲಿ ಅವನಿಗೆ ಸಾಲವೇ ಜಾಸ್ತಿ ಇತ್ತು. ಬೆನ್ನಿಗಿದ್ದ ಅಣ್ಣ ಜೇಮ್ಸ್ 1873ರಲ್ಲಿ ತೀರಿಕೊಂಡ.

ಬದುಕು ತಿರುಗಿದ್ದು 1879ರಲ್ಲಿ. ಹೆಲೆನಾ ಪಟ್ಟಣದ ಬ್ಯಾಂಕರ್ ಸ್ಯಾಮ್ಯುಯೆಲ್ ಹೌಸರ್ ಮತ್ತು ಡೇವಿಸ್ ಸಹೋದರರ ಜೊತೆ ಸೇರಿ ಅವನು ದನದ ಕಂಪನಿ ಶುರುಮಾಡಿದ. ಡೇವಿಸ್, ಹೌಸರ್, ಸ್ಟುವರ್ಟ್. ಮೂರು ಹೆಸರಿನ ಮೊದಲ ಅಕ್ಷರ ಸೇರಿಸಿ ಡಿ.ಎಚ್.ಎಸ್. ಅಂತ ಕರೆದರು. ದುಡ್ಡು ಅವರದು, ಮೇಲ್ವಿಚಾರಣೆ ಇವನದು. 1880ರ ವಸಂತದಲ್ಲಿ ಅವನು ಯೆಲ್ಲೋಸ್ಟೋನ್ ನದಿಯ ಬಯಲುಗಳನ್ನೆಲ್ಲ ಕುದುರೆ ಮೇಲೆ ಸುತ್ತಿದ. ಹುಡುಕುತ್ತಿದ್ದುದು ಹುಲ್ಲು, ನೀರು, ಗಾಳಿಗೆ ಮರೆ. ಕೊನೆಗೆ ಮೊಂಟಾನಾದ ನಡುವೆ, ಜೂಡಿತ್ ಬೆಟ್ಟಗಳ ಬುಡದಲ್ಲಿ, ಫೋರ್ಡ್ಸ್ ಕ್ರೀಕ್ ಹತ್ತಿರ ಜಾಗ ಒಪ್ಪಿಗೆಯಾಯಿತು. ಮರದ ದಿಮ್ಮಿಗಳ ಮನೆ ಕಟ್ಟಿದ. ಮೊದಲ ವರ್ಷವೇ ಸುಮಾರು 5,000 ದನ ತಂದು ಬಿಟ್ಟ.

ದನ ತಂದು ಬಿಟ್ಟದ್ದು ಯಾರ ನೆಲಕ್ಕೆ? ಇದೇ ಮುಖ್ಯ ಪ್ರಶ್ನೆ. ಆ ಹುಲ್ಲುಗಾವಲು ಕಾಗದದಲ್ಲಿ ಅಮೆರಿಕ ಸರ್ಕಾರದ್ದು. 1862ರ ಕಾಯಿದೆ ಪ್ರಕಾರ ಒಬ್ಬ ಮನುಷ್ಯ 160 ಎಕರೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದಿತ್ತು. ಮಳೆ ಕಡಿಮೆ ಇರುವ ಆ ಬಯಲಿನಲ್ಲಿ 160 ಎಕರೆ ಒಂದು ಸಣ್ಣ ಹಿಂಡಿಗೂ ಸಾಲದು. ಹಾಗಾಗಿ ದನದವರು ಒಂದು ಉಪಾಯ ಮಾಡಿದರು. ನೀರಿರುವ ತುಂಡು ನೆಲವನ್ನು ಮಾತ್ರ ಹೆಸರಿಗೆ ಮಾಡಿಸಿಕೊಂಡರು. ನೀರು ಕೈಯಲ್ಲಿದ್ದರೆ ಸುತ್ತಲಿನ ಹುಲ್ಲೂ ಕೈಯಲ್ಲಿದ್ದ ಹಾಗೆ. ನಮ್ಮ ಊರುಗಳ ಗೋಮಾಳ ನೆನಪಿಗೆ ಬರಬಹುದು. ಆದರೆ ಗೋಮಾಳಕ್ಕೆ ಒಂದು ಊರು ಅಂತ ಇರುತ್ತದೆ, ಯಾರ ದನ ಮೇಯಬಹುದು ಎಂಬ ರೂಢಿ ಇರುತ್ತದೆ. ಇಲ್ಲಿ ಬೇಲಿ ಇಲ್ಲ, ಮಿತಿ ಇಲ್ಲ, ಬಾಡಿಗೆಯೂ ಇಲ್ಲ. ಎಲ್ಲರ ದನವೂ ಒಟ್ಟಿಗೆ ಮೇಯುತ್ತಿದ್ದವು. ವಸಂತದಲ್ಲಿ ಒಮ್ಮೆ ಎಲ್ಲರೂ ಸೇರಿ ದನ ಕೂಡಿಸುತ್ತಿದ್ದರು. ಅದಕ್ಕೆ ರೌಂಡಪ್ ಅಂತ ಹೆಸರು. ಕರು ಯಾವ ಹಸುವಿನ ಹಿಂದೆ ಓಡುತ್ತದೋ ಆ ಹಸುವಿನ ಮಾಲೀಕನ ಮುದ್ರೆಯನ್ನು ಕಾದ ಕಬ್ಬಿಣದಲ್ಲಿ ಕರುವಿಗೆ ಒತ್ತುತ್ತಿದ್ದರು. ಶರತ್ಕಾಲದಲ್ಲಿ ಇನ್ನೊಮ್ಮೆ ಕೂಡಿಸಿ, ಕೊಬ್ಬಿದವನ್ನು ಆರಿಸಿ ಷಿಕಾಗೊ ಮಾರುಕಟ್ಟೆಗೆ ಕಳಿಸುತ್ತಿದ್ದರು.

ಆ ಹುಲ್ಲಿನ ಮೇಲೆ ಇವರಿಗಿಂತ ಮೊದಲೇ ಬದುಕಿದವರು ಇದ್ದರು. 1855ರ ಒಪ್ಪಂದದಲ್ಲಿ ಜೂಡಿತ್ ನದಿಯ ಸುತ್ತಲಿನ ಬಯಲು ಹಲವು ಬುಡಕಟ್ಟುಗಳು ಒಟ್ಟಾಗಿ ಬೇಟೆಯಾಡುವ ಜಾಗ ಎಂದು ಬರೆಯಲಾಗಿತ್ತು. ಆಮೇಲೆ ಸರ್ಕಾರ ಅವರ ನೆಲವನ್ನು ಮತ್ತೆಮತ್ತೆ ಕಿರಿದು ಮಾಡಿತು. ಬಯಲು ಎಷ್ಟು ಬೇಗ ಬದಲಾಯಿತು ಎಂದು ಸ್ಟುವರ್ಟ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಅವನ ಲೆಕ್ಕದಲ್ಲಿ 1880ರಲ್ಲಿ ಇಡೀ ಟೆರಿಟರಿಯಲ್ಲಿ 2,50,000 ದನ ಇದ್ದವು, ಬಯಲಿನ ತುಂಬ ಬೈಸನ್ ಎಂಬ ಕಾಡುದನಗಳ ಹಿಂಡುಗಳಿದ್ದವು. 1883ರ ಕೊನೆಗೆ ದನ 6,00,000. ಬೈಸನ್ ಒಂದೂ ಉಳಿದಿರಲಿಲ್ಲ. ಚರ್ಮದ ವ್ಯಾಪಾರಕ್ಕಾಗಿ ಕೊಂದು ಮುಗಿಸಿದ್ದರು.

ಆ ಮೂರೇ ವರ್ಷದ ಫಲ ಏನು ಗೊತ್ತಾ? 1883-84ರ ಚಳಿಗಾಲದಲ್ಲಿ ಬ್ಲ್ಯಾಕ್‌ಫೀಟ್ ಬುಡಕಟ್ಟಿನ ಜನ, ಸರ್ಕಾರ ಅವರಿಗೆಂದು ಗುರುತಿಸಿದ ಮೀಸಲು ಪ್ರದೇಶದಲ್ಲಿ, ಹಸಿವಿನಿಂದ ಸತ್ತರು. ನೂರಾರು ಜನ. ಬೇಟೆಗೆ ಪ್ರಾಣಿ ಇಲ್ಲ, ಸರ್ಕಾರದ ಪಡಿತರ ಸಾಲದು. ಬೇಟೆ ಇಲ್ಲದ ಮನುಷ್ಯ ಹಸಿದಾಗ ದನ ಕಡಿದರೆ ಅದು ಕಳ್ಳತನ. ಮೂಲನಿವಾಸಿಗಳನ್ನು ಮೀಸಲು ಪ್ರದೇಶದಿಂದ ಹೊರಗೆ ಬಿಡಬೇಡಿ ಅಂತ ದನದವರು ಮತ್ತೆಮತ್ತೆ ಒತ್ತಾಯ ಮಾಡಿದರು. ದನದವರ ಪರವಾಗಿ ಎಲ್ಲರಿಗಿಂತ ಜೋರಾಗಿ ಮಾತಾಡಿದವರಲ್ಲಿ ಸ್ಟುವರ್ಟ್ ಒಬ್ಬ. ಮನೆಯಲ್ಲಿ ಆಬೊನಿ ಇದ್ದಾಳೆ, ಮಕ್ಕಳೆಲ್ಲ ಅರ್ಧ ಶೊಶೋನಿ. ನನಗೆ ಇದನ್ನು ಓದುವಾಗ ಸಂಕಟವಾಗುತ್ತದೆ. ಈ ಬಗ್ಗೆ ಆಬೊನಿ ಏನು ಹೇಳಿದಳು ಎಂದು ಯಾರೂ ಬರೆದಿಡಲಿಲ್ಲ.

ಇದೇ 1883ರ ಸೆಪ್ಟೆಂಬರ್‌ನಲ್ಲಿ ನಾರ್ದರ್ನ್ ಪೆಸಿಫಿಕ್ ರೈಲು ಮಾರ್ಗ ಪೂರ್ತಿಯಾಯಿತು. ಕೊನೆಯ ಮೊಳೆ ಹೊಡೆದ ಸಮಾರಂಭ ನಡೆದದ್ದು ಗೋಲ್ಡ್ ಕ್ರೀಕ್ ಹತ್ತಿರ, ಇಪ್ಪತ್ತೈದು ವರ್ಷ ಹಿಂದೆ ಇವನಿಗೆ ಚಿನ್ನ ಕಂಡ ಜಾಗದ ಸಮೀಪದಲ್ಲೇ. ರೈಲು ಬಂದಮೇಲೆ ದನಕ್ಕೆ ಬೆಲೆ ಬಂತು. ಬೆಲೆ ಬಂದದ್ದಕ್ಕೆ ಕಳ್ಳರೂ ಬಂದರು. ಮಿಸೌರಿ ನದಿಯ ಎರಡೂ ದಡದಲ್ಲಿ ಕೊರಕಲು ಕೊರಕಲಾದ ನೆಲ. ಅಲ್ಲಿ ಹಿಂದೆ ಹಬೆದೋಣಿಗಳಿಗೆ ಸೌದೆ ಮಾರುವವರ ಗುಡಿಸಲುಗಳಿದ್ದವು. ದೋಣಿ ಸಂಚಾರ ಇಳಿದಾಗ ಗುಡಿಸಲು ಖಾಲಿಯಾದವು, ಕುದುರೆಗಳ್ಳರಿಗೆ ಅಡಗುತಾಣವಾದವು. ಇಲ್ಲಿ ಕದ್ದ ಕುದುರೆಯನ್ನು ಗಡಿ ದಾಟಿಸಿ ಕೆನಡಾದಲ್ಲಿ ಮಾರಿದರೆ ಮುಗಿಯಿತು. ಷರೀಫ್ ಇರುವ ಊರಿಗೆ ದಿನಗಟ್ಟಲೆ ಪ್ರಯಾಣ. ಹಿಡಿದರೂ ಸಾಕ್ಷಿ ಹೇಳಲು ಯಾರೂ ಬರುತ್ತಿರಲಿಲ್ಲ.

1884ರ ಏಪ್ರಿಲ್‌ನಲ್ಲಿ ಮೈಲ್ಸ್ ಸಿಟಿಯಲ್ಲಿ ದನಸಾಕಣೆಗಾರರ ದೊಡ್ಡ ಸಭೆ ಸೇರಿತು. ಕಳ್ಳರ ಮೇಲೆ ಬಹಿರಂಗವಾಗಿ ಯುದ್ಧಕ್ಕೆ ಹೊರಡೋಣ ಅಂತ ಎಷ್ಟೋ ಜನ ಕೂಗಿದರು. ಡಕೋಟಾದಲ್ಲಿ ದನ ಸಾಕುತ್ತಿದ್ದ ಯುವಕ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಅದರ ಪರ ಇದ್ದ ಎಂದು ಸ್ಟುವರ್ಟ್ ಬರೆದಿದ್ದಾನೆ. ಹೌದು, ಮುಂದೆ ಅಮೆರಿಕದ ಅಧ್ಯಕ್ಷನಾದ ರೂಸ್‌ವೆಲ್ಟ್. ಸ್ಟುವರ್ಟ್ ಬೇಡ ಅಂದ. ಕಳ್ಳರು ಗಟ್ಟಿ ಜಾಗದಲ್ಲಿ ಕೂತಿದ್ದಾರೆ, ನಮ್ಮವರೇ ಜಾಸ್ತಿ ಸಾಯುತ್ತಾರೆ, ಕಾನೂನೂ ನಮ್ಮ ವಿರುದ್ಧ ತಿರುಗುತ್ತದೆ ಎಂದು ವಾದಿಸಿದ. ಸಭೆ ಒಪ್ಪಿತು. ಹುಲ್ಲುಗಾವಲಿನವರು ಸುಮ್ನೆ ಕೂರುತ್ತಾರೆ ಅಂತ ಸುದ್ದಿ ಹರಡಿತು.

ಆದರೆ ವಸಂತದ ರೌಂಡಪ್ ಮುಗಿದ ಮೇಲೆ ಸ್ಟುವರ್ಟ್‌ನ ಮನೆಯಲ್ಲಿ ಕೆಲವೇ ಜನ ಗುಟ್ಟಾಗಿ ಸೇರಿದರು. ಜುಲೈನಲ್ಲಿ ಕೊಲ್ಲುವ ಕೆಲಸ ಶುರುವಾಯಿತು. ಮಸಲ್‌ಶೆಲ್ ನದಿ ಮಿಸೌರಿಯನ್ನು ಸೇರುವಲ್ಲಿ ಇಬ್ಬರನ್ನು ನೇಣು ಹಾಕಿದರು. ಬೇಟ್ಸ್ ಪಾಯಿಂಟ್ ಎಂಬಲ್ಲಿ ಗುಡಿಸಲನ್ನು ಮುತ್ತಿ ಬೆಂಕಿ ಹಚ್ಚಿದರು, ಗುಂಡಿನ ಕಾಳಗ ನಡೆಯಿತು. ಅಲ್ಲಿಂದ ತಪ್ಪಿಸಿಕೊಂಡ ಕೆಲವರನ್ನು ಸೈನಿಕರು ಹಿಡಿದು ಸರ್ಕಾರದ ಅಧಿಕಾರಿಗೆ ಒಪ್ಪಿಸಿದ್ದರು. ದಾರಿಯಲ್ಲೇ ಆ ಗುಂಪು ಅವರನ್ನು ಕಸಿದುಕೊಂಡು ನೇಣು ಹಾಕಿತು. ಸತ್ತವರ ಲೆಕ್ಕ ಒಬ್ಬೊಬ್ಬರದು ಒಂದೊಂದು. ಕಡಿಮೆ ಲೆಕ್ಕ ಹದಿನೈದರ ಆಸುಪಾಸು, ಕೆಲವರು ಅದರ ದುಪ್ಪಟ್ಟಿಗೂ ಹೆಚ್ಚು ಎನ್ನುತ್ತಾರೆ. ಆ ಗುಂಪಿಗೆ ಜನ ಇಟ್ಟ ಹೆಸರು ‘ಸ್ಟುವರ್ಟ್ಸ್ ಸ್ಟ್ರ್ಯಾಂಗ್ಲರ್ಸ್’, ಸ್ಟುವರ್ಟ್‌ನ ಕತ್ತುಹಿಸುಕುವವರು ಅಂತ.

ಅವರೆಲ್ಲ ನಿಜವಾಗಿ ಕಳ್ಳರಾಗಿದ್ದರಾ? ಕೆಲವರು ಖಂಡಿತ ಆಗಿದ್ದರು. ಆದರೆ ಖಂಡಿತ ಅಂತ ಹೇಳಬೇಕಾದ್ದು ನ್ಯಾಯಾಲಯ. ಹಿಂದಿನ ವರ್ಷ ತಾನೇ ಮೇಲ್ಮನೆಯ ಕುರ್ಚಿಯಲ್ಲಿ ಕೂತಿದ್ದವನು, ಷರೀಫನ ಅಧಿಕಾರ, ಜ್ಯೂರಿಯ ಅಧಿಕಾರ, ಶಿಕ್ಷೆ ಕೊಡುವ ಅಧಿಕಾರ ಎಲ್ಲವನ್ನೂ ತಾನೇ ತೆಗೆದುಕೊಂಡ. ಕಷ್ಟ ಇತ್ತು, ದಾರಿ ಇರಲಿಲ್ಲ ಎಂಬ ಮಾತನ್ನು ನಾನು ಕೇಳಿಸಿಕೊಳ್ಳುತ್ತೇನೆ, ಒಪ್ಪುವುದಿಲ್ಲ. ಅವನಿಗೆ ದಾರಿ ಇತ್ತು. ಶಾಸನಸಭೆಯಲ್ಲಿ ಮಾತು ನಡೆಯುತ್ತಿತ್ತು, ಬ್ಯಾಂಕಿನವರು ಬೆನ್ನಿಗಿದ್ದರು. ಅದು ಮರುವರ್ಷವೇ ಸಾಬೀತಾಯಿತು.

1885ರ ಶಾಸನಸಭೆಯನ್ನು ಜನ ಕೌಬಾಯ್ ಶಾಸನಸಭೆ ಅಂತಲೇ ಕರೆದರು. ದನದವರಿಗೆ ಬೇಕಾದ ಕಾಯಿದೆಗಳು ಅಲ್ಲಿ ಪಾಸಾದವು. ಜಾನುವಾರು ಆಯುಕ್ತರ ಮಂಡಳಿ ಹುಟ್ಟಿತು. ದನದ ಮೇಲೆ ತೆರಿಗೆ ಹಾಕಿ, ಆ ದುಡ್ಡಿನಿಂದ ಇನ್‌ಸ್ಪೆಕ್ಟರುಗಳನ್ನು ನೇಮಿಸಿದರು. ಮಾರಾಟಕ್ಕೆ ಹೋಗುವ ದನದ ಮುದ್ರೆ ನೋಡುವುದು ಅವರ ಕೆಲಸ. ಇದು ಕೆಲಸಕ್ಕೆ ಬರುವ ಕಾಯಿದೆ, ಕದ್ದ ಮಾಲು ಮಾರುಕಟ್ಟೆಯಲ್ಲೇ ಸಿಕ್ಕಿಬೀಳುವ ಏರ್ಪಾಟು. ಮಂಡಳಿಯ ಅಧ್ಯಕ್ಷ ಸ್ಟುವರ್ಟ್. ಅದೇ ವರ್ಷ ಅವನ ಪಾಲುದಾರ ಹೌಸರ್ ಟೆರಿಟರಿಯ ಗವರ್ನರ್ ಆದ, ಮೊಂಟಾನಾದಲ್ಲೇ ನೆಲೆಸಿದವರ ಪೈಕಿ ಆ ಹುದ್ದೆಗೆ ನೇಮಕವಾದ ಮೊದಲಿಗ. ಡೇವಿಸ್‌ಗಳ ಪಾಲನ್ನು ಕೊಂಡು ಕಂಪನಿ ಸೇರಿದ್ದ ಕಾನ್ರಾಡ್ ಕೋರ್ಸ್ ಶಾಸಕ. ಒಂದೇ ದನದ ಕಂಪನಿಯ ಪಾಲುದಾರರು ಗವರ್ನರ್, ಶಾಸಕ, ಮಂಡಳಿ ಅಧ್ಯಕ್ಷ! ಕಾಗದದಲ್ಲಿ ಹುಲ್ಲು ಇನ್ನೂ ಸರ್ಕಾರದ್ದೇ.

ದನದವರ ಈ ಹಿಡಿತವನ್ನು ಮುರಿದದ್ದು ಯಾವ ಕಾಯಿದೆಯೂ ಅಲ್ಲ, ಹವಾಮಾನ. ಲಾಭದ ಸುದ್ದಿ ಕೇಳಿ ಪೂರ್ವದ ರಾಜ್ಯಗಳಿಂದ, ಬ್ರಿಟನ್‌ನಿಂದ ಬಂಡವಾಳ ಹರಿದು ಬಂದಿತ್ತು. 1885ರಲ್ಲಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ದಕ್ಷಿಣದ ಒಂದು ಮೀಸಲು ಪ್ರದೇಶದಿಂದ ದನಗಳನ್ನು ಹೊರಹಾಕಿಸಿದಾಗ ಬಯಲುಸೀಮೆಯಲ್ಲಿ ದಟ್ಟಣೆ ಇನ್ನೂ ಹೆಚ್ಚಿತು. ಅತಿಯಾಗಿ ಮೇಯುತ್ತಿದ್ದಾರೆ ಎಂದು ಸ್ಟುವರ್ಟ್‌ಗೆ ಗೊತ್ತಿತ್ತು. ಆದರೆ ಯಾರದ್ದೂ ಅಲ್ಲದ ಹುಲ್ಲಿಗೆ ಹೊಸಬರು ಬರಬೇಡಿ ಅಂತ ಹೇಳುವ ಹಕ್ಕು ಯಾರಿಗೂ ಇರಲಿಲ್ಲ. 1886ರ ಬೇಸಿಗೆಯಲ್ಲಿ ಮಳೆ ಬರಲಿಲ್ಲ, ಹುಲ್ಲು ಒಣಗಿತು, ಅಲ್ಲಲ್ಲಿ ಬೆಂಕಿ ಬಿತ್ತು. ಷಿಕಾಗೊದಲ್ಲಿ ಬೆಲೆ ಬಿದ್ದಿತ್ತು. ಆ ಶರತ್ಕಾಲದಲ್ಲಿ ಉತ್ತರ ಧ್ರುವದ ಕಡೆಯ ಬಿಳಿ ಗೂಬೆಗಳು ಕಾಣಿಸಿದವು, ಚಳಿ ಜೋರಾಗಲಿದೆ ಎಂದು ಹಳಬರು ತಲೆಯಾಡಿಸಿದರು ಅಂತ ಅವನು ಬರೆಯುತ್ತಾನೆ.

ನವೆಂಬರ್‌ನಲ್ಲೇ ಹಿಮ ಬಿತ್ತು. ಮಧ್ಯೆ ಸ್ವಲ್ಪ ಕರಗಿ ಮತ್ತೆ ಹೆಪ್ಪುಗಟ್ಟಿತು. ಹಿಮದ ಮೇಲೆ ಗಾಜಿನಂಥ ಪದರ. ದನಗಳು ಕಾಲಿನಿಂದ ಕೆರೆದು ಹುಲ್ಲು ತಿನ್ನಲಾರದೆ ಹೋದವು, ಪದರದ ಅಂಚು ತಾಗಿ ಕಾಲು ಕುಯ್ದುಕೊಂಡವು. 1887ರ ಜನವರಿ ಕೊನೆಯಲ್ಲಿ ಬಂದ ಹಿಮಗಾಳಿ ಎಲ್ಲಕ್ಕಿಂತ ಭಯಂಕರ. ಮೇವು ಕೂಡಿಟ್ಟವರು ಇಲ್ಲ, ಕೊಟ್ಟಿಗೆ ಇಲ್ಲ. ಬಯಲ ದನದ ವ್ಯಾಪಾರದ ಲಾಭವೇ ಅದರಲ್ಲಿತ್ತಲ್ಲ, ಮೇವಿಗೆ ಖರ್ಚಿಲ್ಲ ಎಂಬುದರಲ್ಲಿ. ಜೂಡಿತ್ ಬಯಲಿನಲ್ಲಿ ದನ ಕಾಯುತ್ತಿದ್ದ ಚಾರ್ಲ್ಸ್ ರಸೆಲ್ ಎಂಬ ಹುಡುಗ, ಹಿಮದಲ್ಲಿ ಎಲುಬು ಎದ್ದು ನಿಂತ ಒಂದು ದನ, ಸುತ್ತ ಕಾದು ನಿಂತ ತೋಳಗಳು, ಇಷ್ಟನ್ನು ಒಂದು ಸಣ್ಣ ಕಾಗದದ ಮೇಲೆ ಬಿಡಿಸಿದ. ಮುಂದೆ ಅವನು ದೊಡ್ಡ ಚಿತ್ರಕಾರನಾದ. ವಸಂತದಲ್ಲಿ ಎಣಿಸಿದಾಗ ಸ್ಟುವರ್ಟ್ ಕಂಪನಿಯ ಮೂರರಲ್ಲಿ ಎರಡು ಪಾಲು ದನ ಸತ್ತಿದ್ದವು.

ಅದುವರೆಗೆ ತನ್ನನ್ನು ಸೆಳೆದಿದ್ದ ಈ ವ್ಯಾಪಾರ ಇದ್ದಕ್ಕಿದ್ದಂತೆ ಅಸಹ್ಯವಾಯಿತು, ಮೇವು ಮರೆ ಕೊಡಲಾಗದ ಪ್ರಾಣಿಯನ್ನು ಇನ್ನೆಂದೂ ಇಟ್ಟುಕೊಳ್ಳಬಾರದು ಅನಿಸಿತು ಎಂದು ಅವನು ಬರೆದಿದ್ದಾನೆ. ಅವನ ಬರಹದಲ್ಲಿ ನಾನು ಪೂರ್ತಿ ಒಪ್ಪುವ ಮಾತು ಇದು.

1888ರಲ್ಲಿ ಆಬೊನಿ ತೀರಿಕೊಂಡಳು. 1890ರಲ್ಲಿ ಅವನು ಶಿಕ್ಷಕಿಯಾಗಿದ್ದ ಬಿಳಿಯ ಹೆಂಗಸೊಬ್ಬಳನ್ನು ಮದುವೆಯಾದ, ಮೊದಲ ಸಂಸಾರದ ಮಕ್ಕಳಿಂದ ದೂರವಾಗುತ್ತ ಹೋದ. ಅಷ್ಟು ಹೊತ್ತಿಗೆ, 1889ರ ನವೆಂಬರ್‌ನಲ್ಲಿ, ಮೊಂಟಾನಾ ರಾಜ್ಯವಾಗಿತ್ತು. ಪ್ರತಿ ಟೌನ್‌ಶಿಪ್‌ನಲ್ಲಿ, ಅಂದರೆ ಸರ್ವೆಯ ಆರು ಮೈಲಿ ಚೌಕದಲ್ಲಿ, ಇಂತಿಷ್ಟು ನೆಲ ಶಾಲೆಗಳ ಖರ್ಚಿಗೆ ಅಂತ ಕೇಂದ್ರ ಸರ್ಕಾರ ಕೊಟ್ಟಿತ್ತು. 1891ರಲ್ಲಿ ಸ್ಟುವರ್ಟ್ ರಾಜ್ಯದ ಭೂ ಏಜೆಂಟ್ ಆದ. ಶಾಲೆಗಳಿಗಾಗಿ ಆರು ಲಕ್ಷ ಎಕರೆಯಷ್ಟು ನೆಲ ಆರಿಸಿದ. ಯಾರದ್ದೂ ಅಲ್ಲದ ಹುಲ್ಲಿನ ಮೇಲೆ ದನ ಬಿಟ್ಟವನೇ ಈಗ ಆ ಹುಲ್ಲಿಗೆ ಗಡಿ, ನಕ್ಷೆ, ಒಡೆತನ ಬರೆಯುತ್ತಿದ್ದ. ಅವನು ಮಾಡಿದ ಸಾರ್ವಜನಿಕ ಕೆಲಸಗಳಲ್ಲಿ ಬಹುಕಾಲ ಉಳಿಯುವಂಥದ್ದು ಇದೇ ಎಂದು ನನಗೆ ಅನಿಸುತ್ತದೆ. 1894ರಿಂದ 1898ರವರೆಗೆ ಉರುಗ್ವೆ ಮತ್ತು ಪರಾಗ್ವೆಗೆ ಅಮೆರಿಕದ ರಾಯಭಾರಿಯಾಗಿದ್ದ. ವಯಸ್ಸಾದ ಮೇಲೆ ಬ್ಯೂಟ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯ ನೋಡಿಕೊಂಡ. 1918ರ ಅಕ್ಟೋಬರ್‌ನಲ್ಲಿ ಸತ್ತ. ನೆನಪುಗಳು ಪುಸ್ತಕವಾದದ್ದು 1925ರಲ್ಲಿ.

ಮಾತು ಮುಗಿದ ಮೇಲೆ ಕೇಳಿದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ. ನೇಣು ಹಾಕಿದ್ದಕ್ಕೆ ಅವನ ಮೇಲೆ ಕೇಸ್ ಆಗಲಿಲ್ಲವಾ ಎಂದು ಒಬ್ಬರು ಕೇಳಿದರು. ಆಗಲಿಲ್ಲ. ಕೇಸ್ ಹಾಕಬೇಕಾದವರು, ಜ್ಯೂರಿಯಲ್ಲಿ ಕೂರಬೇಕಾದವರು ಅವನ ನೆರೆಯವರೇ. ಅವರಲ್ಲಿ ಹೆಚ್ಚಿನವರು ದನ, ಕುದುರೆ ಕಳೆದುಕೊಂಡವರು, ಅಥವಾ ಕಳೆದುಕೊಂಡವರ ಹತ್ತಿರ ಸಂಬಳಕ್ಕಿದ್ದವರು. ಸತ್ತವರ ಪರ ಕೇಳಲು ಯಾರೂ ಇರಲಿಲ್ಲ.

ಆಬೊನಿಯ ಮಕ್ಕಳು ಏನಾದರು ಎಂದು ಇನ್ನೊಬ್ಬರು ಕೇಳಿದರು. ಎಲ್ಲರ ಬದುಕೂ ಒಂದೇ ಥರ ಆಗಲಿಲ್ಲ. ಮಗಳು ಮೇರಿಯ ವಿಷಯ ಮಾತ್ರ ಹೇಳುತ್ತೇನೆ. ಟೆಕ್ಸಸ್‌ನಿಂದ ದನ ಅಟ್ಟಿಕೊಂಡು ಬಂದು ಅಪ್ಪನ ಹತ್ತಿರ ಕೆಲಸಕ್ಕೆ ಸೇರಿದ್ದ ಟೆಡ್ಡಿ ಬ್ಲೂ ಅಬಟ್ ಎಂಬ ಕೌಬಾಯ್‌ನನ್ನು 1889ರಲ್ಲಿ ಅವಳು ಮದುವೆಯಾದಳು. ಇಬ್ಬರೂ ಗಿಲ್ಟ್ ಎಡ್ಜ್ ಎಂಬ ಊರಿನ ಹತ್ತಿರ ಸ್ವಂತ ರಾಂಚ್, ಅಂದರೆ ದನ ಸಾಕುವ ಜಮೀನು, ಮಾಡಿಕೊಂಡರು. ಡಿ.ಎಚ್.ಎಸ್. ದನ ಮೇಯುತ್ತಿದ್ದ ಬಯಲಿನ ಹತ್ತಿರವೇ ಅದು, ಜೂಡಿತ್ ಬೆಟ್ಟಗಳ ಪಕ್ಕದಲ್ಲಿ. ಅಲ್ಲೇ ಮಕ್ಕಳನ್ನು ಬೆಳೆಸಿದರು.